ಮೋಟಾರ್‌ಸೈಕಲ್ ಚೈನ್‌ಸೆಟ್: ಎರೆಭೂಮಿಯ ಸೀಮೆಯಲ್ಲಿ ಆಯ್ಕೆ

ಮೋಟಾರ್‌ಸೈಕಲ್ಲಿನ ಗೇರ್‌ಪೆಟ್ಟಿಗೆಯಿಂದ ಹಿಂದಿನ ಗಾಲಿಗೆ ಎಳೆತ ಮುಟ್ಟಿಸುವ ಮೂರು ಬಿಡಿಭಾಗಗಳ ಜೋಡಣೆಯೇ ಚೈನ್‌ಸೆಟ್. ಗೇರ್‌ಪೆಟ್ಟಿಗೆಯ ಹೊರದಂಡದ ಮೇಲೆ ಕೂರುವ ಸಣ್ಣ ಹಲ್ಲುಚಕ್ರ ಒಂದು, ಹಿಂದಿನ ಗಾಲಿಯ ಹಬ್ಬಿಗೆ ಬಿಗಿದ ದೊಡ್ಡ ಹಲ್ಲುಚಕ್ರ ಇನ್ನೊಂದು, ಎರಡನ್ನೂ ಸುತ್ತಿ ಓಡುವ ರೋಲರ್ ಚೈನು ಮೂರನೆಯದು. ಹಲ್ಲುಚಕ್ರಕ್ಕೆ ಪುಸ್ತಕದಲ್ಲಿ ಸ್ಪ್ರಾಕೆಟ್ ಎಂದು ಹೆಸರು. ಗ್ಯಾರೇಜಿನಲ್ಲಿ ಅದು ‘ಸ್ಪಾಕೆಟ್’. ಟೈರು, ಬ್ರೇಕ್ ಶೂಗಳ ಹಾಗೆ ಇದೂ ಸವೆಯಲೆಂದೇ ಇರುವ ಭಾಗ. ಚೆನ್ನಾಗಿ ನೋಡಿಕೊಂಡ 100 ಸಿಸಿ ಗಾಡಿಯಲ್ಲಿ ಒಂದು ಸೆಟ್ಟು 20,000 ಕಿ.ಮೀ. ದಾಟಿ ಬಾಳುವುದುಂಟು, ನೋಡಿಕೊಳ್ಳದ ಗಾಡಿಯಲ್ಲಿ ಅದರ ಅರ್ಧಕ್ಕೇ ಮುಗಿಯುವುದೂ ಉಂಟು. ಈ ಲೇಖನ ಕಲಬುರಗಿ ಜಿಲ್ಲೆಯ ಗೊಬ್ಬೂರ ಸೀಮೆಯನ್ನು, ಅಂದರೆ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯನ್ನು, ಮುಂದಿಟ್ಟುಕೊಂಡು ಚೈನ್‌ಸೆಟ್‌ನ ಆಯ್ಕೆಯನ್ನು ವಿವರಿಸುತ್ತದೆ. ಚೈನಿನ ಆಯುಷ್ಯ ಎಷ್ಟೆಂಬುದರಲ್ಲಿ ಡಬ್ಬಿಯ ಮೇಲಿನ ಹೆಸರಿಗಿಂತ ಗಾಡಿ ಓಡುವ ನೆಲದ ಪಾಲು ದೊಡ್ಡದು.

ಹುಟ್ಟು ಮತ್ತು ರಚನೆ

ಇಂದಿನ ಬುಷ್-ರೋಲರ್ ಚೈನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿತು. ಅದನ್ನು ರೂಪಿಸಿದವನು ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ರೆನಾಲ್ಡ್. ಮೊದಮೊದಲ ಮೋಟಾರ್‌ಸೈಕಲ್‌ಗಳಲ್ಲಿ ಹಲವು ಚರ್ಮದ ಬೆಲ್ಟಿನ ಮೇಲೆ ಓಡುತ್ತಿದ್ದವು. ಮಳೆಯಲ್ಲಿ ಜಾರುವ ಬೆಲ್ಟನ್ನು ಚೈನು ಬೇಗನೆ ಮೂಲೆಗೆ ತಳ್ಳಿತು. ನಂತರ ಶಾಫ್ಟ್ ಬಂತು, ಹಲ್ಲಿನ ರಬ್ಬರ್ ಬೆಲ್ಟು ಬಂತು. ಆದರೂ ಅಗ್ಗದಲ್ಲಿ, ಕಡಿಮೆ ತೂಕದಲ್ಲಿ, ಶಕ್ತಿಯನ್ನು ಅತಿ ಕಡಿಮೆ ಪೋಲು ಮಾಡುವ ವಿಷಯದಲ್ಲಿ ಚೈನಿಗೆ ಸಾಟಿ ಸಿಕ್ಕಿಲ್ಲ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2022ರಲ್ಲಿ ಬಿಡುಗಡೆ ಮಾಡಿದ ಎಫ್77 ವಿದ್ಯುತ್ ಮೋಟಾರ್‌ಸೈಕಲ್ಲಿಗೂ ಹಿಂದಿನ ಗಾಲಿ ತಿರುಗಿಸಲು ಚೈನೇ ಬೇಕಾಯಿತು.

ಚೈನಿನ ಒಂದು ಕೊಂಡಿಯನ್ನು ಬಿಚ್ಚಿ ನೋಡಿದರೆ ಸವೆತ ಎಲ್ಲಿ ಆಗುತ್ತದೆಂಬುದು ತಿಳಿಯುತ್ತದೆ. ಹೊರಪಟ್ಟಿಗಳೆರಡನ್ನು ಹಿಡಿದಿರುವುದು ಪಿನ್ನು. ಒಳಪಟ್ಟಿಗಳೆರಡನ್ನು ಹಿಡಿದಿರುವುದು ಟೊಳ್ಳಾದ ಬುಷ್. ಪಿನ್ನು ಬುಷ್‌ನ ಒಳಗೆ ತಿರುಗುತ್ತದೆ, ಬುಷ್‌ನ ಹೊರಗೆ ರೋಲರ್ ಉರುಳುತ್ತದೆ. ‘ಚೈನ್ ಉದ್ದ ಆಗ್ಯಾದ್ರಿ’ ಎಂದು ಮಿಸ್ತ್ರಿ ಹೇಳಿದಾಗ ಉಕ್ಕಿನ ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಪಿನ್ನು ಮತ್ತು ಬುಷ್ ಒಂದನ್ನೊಂದು ತಿಂದಿರುತ್ತವೆ. ಒಂದೊಂದು ಕೀಲಿನಲ್ಲಿ ಸವೆತ 0.1 ಮಿ.ಮೀ. ಆದರೂ ನೂರು ಕೀಲುಗಳ ಚೈನು ಒಟ್ಟು 10 ಮಿ.ಮೀ. ಬೆಳೆಯುತ್ತದೆ.

ಈ ಕೀಲುಗಳ ಮೇಲೆ ಬೀಳುವ ಭಾರವೂ ಸಣ್ಣದಲ್ಲ. 100 ಸಿಸಿ ಎಂಜಿನ್ನಿನ ಟಾರ್ಕ್ ಸುಮಾರು 8 ನ್ಯೂಟನ್-ಮೀಟರ್. ಮೊದಲ ಗೇರಿನಲ್ಲಿ ಅದು ಹತ್ತು ಪಟ್ಟಿಗೂ ಮೀರಿ ಹೆಚ್ಚಿ, ಮೂರು ಸೆಂಟಿಮೀಟರಿಗೂ ಕಡಿಮೆ ತ್ರಿಜ್ಯದ ಮುಂದಿನ ಹಲ್ಲುಚಕ್ರಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ ಪೂರ್ತಿ ಎಳೆಯುವ ಕ್ಷಣದಲ್ಲಿ ಚೈನಿನ ಮೇಲಿನ ಬಿಗಿತ ಸರಿಸುಮಾರು 300 ಕಿಲೋ ಭಾರಕ್ಕೆ ಸಮ. ಇಬ್ಬರು ಕೂತು, ನಡುವೆ ಗೊಬ್ಬರದ ಚೀಲ ಇಟ್ಟುಕೊಂಡು ಹೊಲದ ದಾರಿಯಲ್ಲಿ ಮೊದಲ ಗೇರಿನಲ್ಲೇ ಸಾಗುವ ಗಾಡಿಯಲ್ಲಿ ಆ ಕ್ಷಣ ಮತ್ತೆ ಮತ್ತೆ ಬರುತ್ತದೆ.

ಎರೆ ಮಣ್ಣು ಮತ್ತು ಚೈನು

ದಖ್ಖನಿನ ಬಸಾಲ್ಟ್ ಶಿಲೆ ಶಿಥಿಲವಾಗಿ ಆದದ್ದು ಈ ಸೀಮೆಯ ಕಪ್ಪು ಮಣ್ಣು. ಅದರೊಳಗಿನ ಮಾಂಟ್‌ಮೊರಿಲೊನೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ತೊಗರಿಗೆ ಹೇಳಿ ಮಾಡಿಸಿದ ಈ ಮಣ್ಣು ಗಾಡಿಗೆ ಮಳೆಗಾಲದಲ್ಲಿ ದೊಡ್ಡ ಕಾಟ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ರಾಡಿ ಮೆತ್ತಿಕೊಂಡು ಗಾಲಿಯೇ ನಿಂತುಬಿಡುವುದನ್ನು ಇಲ್ಲಿನ ರೈತರೆಲ್ಲ ಕಂಡಿದ್ದಾರೆ. ಅದೇ ರಾಡಿ ಚೈನ್ ಕವರಿನ ತಳದಲ್ಲೂ ಸೇರುತ್ತದೆ. ಹಸಿಯಿದ್ದಾಗ ಚೈನಿನ ಎಣ್ಣೆಯನ್ನು ಹೀರುತ್ತದೆ. ಒಣಗಿದ ಮೇಲೆ ಹೆಂಟೆಯಾಗಿ ಚೈನಿಗೆ ಉಜ್ಜುತ್ತದೆ. ಎರೆಯೊಳಗಿನ ಸುಣ್ಣದ ಹರಳು ಮತ್ತು ಹೊಲದ ದಾರಿಗೆ ಹಾಕಿದ ಗರಸಿನ ಪುಡಿ ಎಣ್ಣೆಯ ಜೊತೆ ಕಲಸಿಕೊಂಡು ಅರೆಯುವ ಹಿಟ್ಟಾಗುತ್ತವೆ. ಬೇಸಿಗೆಯಲ್ಲಿ ಕತೆ ಬೇರೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ತೆಳು ಎಣ್ಣೆ ಬೇಗ ಸೋರಿಹೋಗಿ ಚೈನು ಒಣಗಿ ಕಿರಗುಟ್ಟುತ್ತದೆ. ಭೀಮೆಯ ದಡದ ಕಬ್ಬಿನ ಹೊಲಗಳ ಕಡೆ ನೀರು ಹಾಯಿಸಿದ ದಾರಿಗಳಿರುವುದರಿಂದ ಬೇಸಿಗೆಯಲ್ಲೂ ಕೆಸರು ತಪ್ಪುವುದಿಲ್ಲ.

ಈ ದೇಶದ 100 ಸಿಸಿ ಗಾಡಿಗಳಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇರುವುದು ಇಂಥ ನೆಲವನ್ನು ನೋಡಿಯೇ. 1985ರ ಹೀರೊ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್ ಎರಡಕ್ಕೂ ತಗಡಿನ ಪೂರ್ಣ ಕವರ್ ಇತ್ತು. ಅದಕ್ಕೂ ಮುಂಚೆ, 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿದ ಜಾವಾ ಗಾಡಿಗಳಲ್ಲಿ ಚೈನು ಮೇಲೂ ಕೆಳಗೂ ರಬ್ಬರ್ ಕೊಳವೆಗಳ ಒಳಗೇ ಓಡುತ್ತಿತ್ತು. ಧೂಳಿಗೆ ಅದಕ್ಕಿಂತ ಒಳ್ಳೆಯ ಉಪಾಯ ಈ ದೇಶದ ಗಾಡಿಗಳಲ್ಲಿ ಮತ್ತೆ ಬಂದಿಲ್ಲವೆಂದರೂ ತಪ್ಪಾಗದು. ರಾಡಿ ತುಂಬುತ್ತದೆಂದು ಬೇಸತ್ತು ಕೆಲವರು ಕವರನ್ನೇ ಕಿತ್ತಿಡುತ್ತಾರೆ. ಅದರಿಂದ ತೊಳೆಯುವುದು ಸುಲಭವಾಗುತ್ತದೆ ನಿಜ, ಆದರೆ ವರ್ಷದ ಉಳಿದ ಎಂಟು ತಿಂಗಳ ಧೂಳು ನೇರವಾಗಿ ಚೈನಿಗೆ ಕೂರುತ್ತದೆ. ಹಿಂದೆ ಒಂದೇ ಬದಿಗೆ ಕೂತವರ ಸೀರೆಯ ಸೆರಗು, ದುಪಟ್ಟಾ ತೆರೆದ ಚೈನಿಗೆ ಸಿಕ್ಕಿ ಆಗುವ ಅನಾಹುತ ಇದಕ್ಕಿಂತ ಹೆಚ್ಚಿನ ಮಾತು. ಕವರ್ ಕಳಚಿಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಯಾವಾಗ ಬದಲಿಸಬೇಕು

ಸವೆತವನ್ನು ಕಣ್ಣಂದಾಜಿನಲ್ಲಿ ಹೇಳುವುದಕ್ಕಿಂತ ಅಳೆದು ಹೇಳುವುದು ಲೇಸು. ಸಾಮಾನ್ಯ 428 ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, ಅಂದರೆ ಪಿಚ್, 12.7 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ನುಗಳನ್ನು ಎಣಿಸಿ, ಮೊದಲನೆಯದರ ನಡುಮಧ್ಯದಿಂದ ಕೊನೆಯದರ ನಡುಮಧ್ಯಕ್ಕೆ ಟೇಪು ಹಿಡಿಯಬೇಕು. ಹೊಸ ಚೈನಿನಲ್ಲಿ ಅದು 254 ಮಿ.ಮೀ.; 259 ಮುಟ್ಟಿದರೆ ಚೈನು ಶೇ. 2ರಷ್ಟು ಬೆಳೆದಿದೆ, ಬಾಳು ಮುಗಿದಿದೆ. ಅಳತೆಯನ್ನು ಮೂರು ನಾಲ್ಕು ಕಡೆ ಹಿಡಿಯಬೇಕು, ಏಕೆಂದರೆ ಚೈನು ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ಗಾಲಿ ತಿರುಗಿಸುತ್ತ ಹೋದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದು ಕಾಣುವುದು ಇದೇ ಕಾರಣಕ್ಕೆ. ದೊಡ್ಡ ಗಾಡಿಗಳ 15.875 ಮಿ.ಮೀ. ಪಿಚ್ಚಿನ ಚೈನಿನಲ್ಲಿ ಇದೇ ಅಳತೆ ಹೊಸದಕ್ಕೆ 317.5 ಮಿ.ಮೀ. ತಯಾರಕರ ಕೈಪಿಡಿ ಇನ್ನೂ ಬಿಗಿಯಾದ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಟೇಪು ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಹಿಂದಿನ ಹಲ್ಲುಚಕ್ರದ ತೀರ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಬೇಕು. ಅರ್ಧ ಹಲ್ಲಿಗಿಂತ ಹೆಚ್ಚು ಹೊರಗೆ ಕಂಡರೆ ಸೆಟ್ಟು ಮುಗಿದಂತೆ. ಹಲ್ಲುಗಳ ಆಕಾರವೂ ಹೇಳುತ್ತದೆ: ಹೊಸ ಹಲ್ಲು ಎರಡೂ ಬದಿಗೆ ಸಮನಾಗಿರುತ್ತದೆ, ಸವೆದ ಹಲ್ಲು ಒಂದೇ ಕಡೆಗೆ ಬಾಗಿ ಕೊಕ್ಕೆಯಾಗಿರುತ್ತದೆ.

‘ಚೈನ್ ಲೂಜ್ ಆಗ್ಯಾದ್ರಿ, ಟೈಟ್ ಮಾಡಿ ಕೊಡ್ರಿ’ ಎಂದು ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಈ ಮಿತಿ ಎಂದೋ ದಾಟಿರುತ್ತವೆ. ಹಿಂದಿನ ಅಡ್ಜಸ್ಟರ್ ತುದಿ ಮುಟ್ಟಿದ ಮೇಲೆ ‘ಲಿಂಕ್ ಕಟ್’ ಮಾಡಿಸುವ ಅಭ್ಯಾಸವೂ ಇದೆ: ಒಂದು ಜೋಡಿ ಕೊಂಡಿ ತೆಗೆದು ಚೈನನ್ನು ಗಿಡ್ಡ ಮಾಡಿ ಮತ್ತೆ ಬಿಗಿಯುತ್ತಾರೆ. ಗಾಡಿ ಓಡುತ್ತದೆ. ಆದರೆ ಉಳಿದ ಒಂದೊಂದು ಕೀಲೂ ಬೆಳೆದೇ ಇರುವುದರಿಂದ ಚೈನಿನ ಪಿಚ್ಚು ಹಲ್ಲಿನ ಪಿಚ್ಚಿಗೆ ಕೂರುವುದಿಲ್ಲ. ಹಲ್ಲಿನ ಬುಡದಲ್ಲಿ ಕೂರಬೇಕಾದ ರೋಲರ್ ತುದಿಗೇರಿ ಹಲ್ಲನ್ನು ಕಡಿಯುತ್ತದೆ. ಕೊನೆಗೆ ಚೈನು ಕಳಚಿ ಗೇರ್‌ಪೆಟ್ಟಿಗೆಯ ಕವಚಕ್ಕೆ ಬಡಿದರೆ ಉಳಿಸಿದ ದುಡ್ಡಿನ ಹಲವು ಪಟ್ಟು ದಂಡ. ಲಿಂಕ್ ಕಟ್ ಮಾಡಿಸುವುದು ಉಳಿತಾಯವೇ ಅಲ್ಲ.

ಇದೇ ತರ್ಕದಿಂದ ಚೈನನ್ನಷ್ಟೇ ಅಥವಾ ಮುಂದಿನ ಸ್ಪ್ರಾಕೆಟ್ಟನ್ನಷ್ಟೇ ಬದಲಿಸುವುದೂ ತಪ್ಪು. ಹಳೆಯ ಕೊಕ್ಕೆ ಹಲ್ಲು ಹೊಸ ಚೈನನ್ನು ಕೆಲವೇ ಸಾವಿರ ಕಿ.ಮೀ.ನಲ್ಲಿ ತನ್ನ ಅಳತೆಗೆ ಎಳೆದುಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ಹಾಕಬೇಕು. ಇದಕ್ಕೆ ಅಡ್ಡಿ ಬರುವುದು ಹಳೆಯ ಬುಲೆಟ್‌ನಂಥ ಗಾಡಿಗಳಲ್ಲಿ: ಅಲ್ಲಿ ಹಿಂದಿನ ಹಲ್ಲುಚಕ್ರ ಮತ್ತು ಬ್ರೇಕ್ ಡ್ರಮ್ ಒಂದೇ ತುಂಡು. ಹಲ್ಲು ಸವೆದರೆ ಡ್ರಮ್ಮನ್ನೂ ಕೊಳ್ಳಬೇಕಾಗುತ್ತದೆ.

ನಂಬರು ಓದುವುದು

ಚೈನಿನ ಪಟ್ಟಿಯ ಮೇಲೆ ಕೊರೆದಿರುವ ನಂಬರೇ ಆಯ್ಕೆಯ ಮೊದಲ ಮೆಟ್ಟಿಲು. 420, 428, 520, 525, 530 ಮುಖ್ಯವಾದವು. ಮೊದಲ ಅಂಕಿ ಪಿಚ್ಚನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ: 4 ಎಂದರೆ ಅರ್ಧ ಇಂಚು (12.7 ಮಿ.ಮೀ.), 5 ಎಂದರೆ ಐದು ಎಂಟಾಂಶ ಇಂಚು (15.875 ಮಿ.ಮೀ.). ಉಳಿದೆರಡು ಅಂಕಿ ಒಳಪಟ್ಟಿಗಳ ನಡುವಿನ ಅಗಲದ ಗುರುತು: 20ಕ್ಕೆ 6.35, 25 ಮತ್ತು 28ಕ್ಕೆ 7.94, 30ಕ್ಕೆ 9.53 ಮಿ.ಮೀ. ಊರಿನ ನಿತ್ಯದ ಓಡಾಟದ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು 428. ಕೆಟಿಎಂ 390 ಡ್ಯೂಕ್‌ನಂಥವುಗಳಲ್ಲಿ 520.

ಅಂಗಡಿಯಲ್ಲಿ ಎಡವುವುದು 420 ಮತ್ತು 428ರ ನಡುವೆ. ಎರಡಕ್ಕೂ ಪಿಚ್ಚು ಒಂದೇ, ಆದ್ದರಿಂದ ಪಕ್ಕಪಕ್ಕ ಇಟ್ಟರೆ ಕೊಂಡಿಗೆ ಕೊಂಡಿ ಹೊಂದುತ್ತದೆ. ಆದರೆ 420ರ ರೋಲರ್ ವ್ಯಾಸ 7.77 ಮಿ.ಮೀ., 428ರದ್ದು 8.51. 420ರ ಚೈನು 428ರ ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ. 428ರ ಚೈನು 420ರ ಹಲ್ಲಿನ ಮೇಲೆ ಕೂತಂತೆ ಕಂಡರೂ ಬದಿಗೆ ಅಲುಗಾಡಿ ಹಲ್ಲನ್ನು ಕೆಡಿಸುತ್ತದೆ. ನಂಬರಿನ ಮುಂದೆ ‘ಎಚ್’ ಇದ್ದರೆ ಪಟ್ಟಿ ದಪ್ಪ, ಭಾರ ತಾಳುವ ಶಕ್ತಿ ಹೆಚ್ಚು. ಗೊಬ್ಬರ, ಹಾಲಿನ ಕ್ಯಾನು ಹೊರುವ ಗಾಡಿಗೆ ಅದು ಒಳ್ಳೆಯದು. ದಪ್ಪ ಪಟ್ಟಿ ಕವರಿಗೆ ತಾಗದಷ್ಟು ಜಾಗವಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಕೊಂಡಿಗಳ ಸಂಖ್ಯೆಯೂ ಮುಖ್ಯ. ಲೆಕ್ಕದ ಸೂತ್ರ ಹೀಗಿದೆ: ಎರಡು ಚಕ್ರಗಳ ನಡುಮಧ್ಯದ ದೂರದ ಇಮ್ಮಡಿಯನ್ನು ಪಿಚ್ಚಿನಿಂದ ಭಾಗಿಸಿ, ಅದಕ್ಕೆ ಎರಡೂ ಚಕ್ರಗಳ ಹಲ್ಲುಗಳ ಮೊತ್ತದ ಅರ್ಧವನ್ನು ಕೂಡಿಸಬೇಕು, ಚಕ್ರಗಳ ಗಾತ್ರದ ವ್ಯತ್ಯಾಸಕ್ಕೆ ಒಂದು ಸಣ್ಣ ಸೇರ್ಪಡೆ ಇದೆ. ದೂರ 500 ಮಿ.ಮೀ., ಹಲ್ಲು 14 ಮತ್ತು 42 ಎಂದಿಟ್ಟುಕೊಂಡರೆ 78.7 ಮತ್ತು 28 ಕೂಡಿ 106.7, ಸೇರ್ಪಡೆ 0.5, ಒಟ್ಟು 107.2. ಒಳಕೊಂಡಿ, ಹೊರಕೊಂಡಿ ಜೋಡಿಯಾಗಿಯೇ ಬರಬೇಕಾದ್ದರಿಂದ ಮುಂದಿನ ಸಮಸಂಖ್ಯೆ 108 ಕೊಂಡಿಯ ಚೈನು ಬೇಕು. ಹಲ್ಲು ಬದಲಿಸದೆ ಅದೇ ಮಾಡೆಲಿನ ಕಿಟ್ ಕೊಳ್ಳುವವರಿಗೆ ಈ ಲೆಕ್ಕದ ಗೊಡವೆ ಬೇಡ.

ಹಲ್ಲಿನ ಲೆಕ್ಕ

‘ಗಾಡಿ ಜಗ್ಗವಲ್ದು’ ಎನ್ನುವವರು ಹಿಂದೆ ದೊಡ್ಡ ಚಕ್ರ ಕೇಳುತ್ತಾರೆ. ‘ಎವರೇಜ್ ಬರವಲ್ದು’ ಎನ್ನುವವರು ಮುಂದೆ ಒಂದು ಹಲ್ಲು ಹೆಚ್ಚು ಕೇಳುತ್ತಾರೆ. ಎರಡಕ್ಕೂ ಹಿಂದಿರುವುದು ಒಂದೇ ಭಾಗಾಕಾರ. ಹಿಂದಿನ ಹಲ್ಲನ್ನು ಮುಂದಿನ ಹಲ್ಲಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕೊನೆಯ ಅನುಪಾತ. 14–42ರ ಜೋಡಿಗೆ ಅದು 3.0. ಮುಂದೆ 15 ಹಾಕಿದರೆ 2.8, ಅಂದರೆ ಎಳೆತ ಶೇ. 7ರಷ್ಟು ಇಳಿದು ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುತ್ತದೆ. ಹಿಂದೆ 45 ಹಾಕಿದರೆ 3.2, ಎಳೆತ ಶೇ. 7ರಷ್ಟು ಏರುತ್ತದೆ. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ. ನೇರ ಡಾಂಬರು ರಸ್ತೆಯಲ್ಲಿ ಒಬ್ಬರೇ ಓಡಾಡುವವರಿಗೆ ಮುಂದಿನ ಹೆಚ್ಚಿನ ಹಲ್ಲಿನಿಂದ ಒಂದಿಷ್ಟು ಪೆಟ್ರೋಲ್ ಉಳಿಯಬಹುದು. ಭಾರ ಹೊತ್ತು ಹೊಲಕ್ಕೆ ಹೋಗುವ ಗಾಡಿಯಲ್ಲಿ ಅದೇ ಬದಲಾವಣೆ ಕ್ಲಚ್ಚನ್ನು ಸುಡುತ್ತದೆ, ಉಳಿದ ಪೆಟ್ರೋಲೂ ಗೇರು ಇಳಿಸುವುದರಲ್ಲೇ ಹೋಗುತ್ತದೆ.

ಮುಂದಿನ ಚಕ್ರವನ್ನು ಕಂಪನಿಯ ಅಳತೆಗಿಂತ ಸಣ್ಣದು ಮಾಡುವುದಕ್ಕೆ ಬೇರೊಂದು ಬೆಲೆ ಇದೆ. ಚೈನು ಹಲ್ಲುಚಕ್ರವನ್ನು ದುಂಡಗೆ ಸುತ್ತುವುದಿಲ್ಲ, ಬಹುಭುಜದಂತೆ ಮುರಿಮುರಿದು ಸುತ್ತುತ್ತದೆ. ಆದ್ದರಿಂದ ಒಂದೊಂದು ಹಲ್ಲಿಗೂ ಚೈನಿನ ವೇಗ ಸ್ವಲ್ಪ ಏರಿ ಇಳಿಯುತ್ತದೆ. 17 ಹಲ್ಲಿನ ಚಕ್ರದಲ್ಲಿ ಈ ಏರಿಳಿತ ಶೇ. 1.7, 14ರಲ್ಲಿ ಶೇ. 2.5, 11ರಲ್ಲಿ ಶೇ. 4. ಹಲ್ಲು ಕಡಿಮೆಯಾದಷ್ಟೂ ನಡುಕ ಹೆಚ್ಚು, ಕೊಂಡಿ ಮಡಚುವ ಕೋನ ಹೆಚ್ಚು, ಪಿನ್ನಿನ ಸವೆತ ಹೆಚ್ಚು. ಕೊಂಡಿಗಳ ಸಂಖ್ಯೆ ಸಮವಾಗಿರುವುದರಿಂದ ಹಲ್ಲಿನ ಸಂಖ್ಯೆಯೂ ಸಮವಾದರೆ ಒಂದು ಹಲ್ಲಿಗೆ ಸದಾ ಒಳಕೊಂಡಿ, ಪಕ್ಕದ್ದಕ್ಕೆ ಸದಾ ಹೊರಕೊಂಡಿ ಸಿಗುತ್ತದೆ. 15, 17ರಂಥ ಬೆಸಸಂಖ್ಯೆಯ ಚಕ್ರದಲ್ಲಿ ಸರದಿ ಬದಲಾಗುತ್ತ ಸವೆತ ಹಂಚಿಹೋಗುತ್ತದೆ. ಹೀಗೆಂದು ಕಂಪನಿಯ 14ನ್ನು ಬಿಟ್ಟು 15ಕ್ಕೆ ಹೋಗಬೇಕಿಲ್ಲ. ಅನುಪಾತದ ಲೆಕ್ಕ ಇದಕ್ಕಿಂತ ದೊಡ್ಡದು.

ಸ್ಪೀಡೊಮೀಟರಿನ ಕೇಬಲ್ ಮುಂದಿನ ಗಾಲಿಯಿಂದ ಬರುವ ಗಾಡಿಯಲ್ಲಿ ಹಲ್ಲು ಬದಲಿಸಿದರೂ ವೇಗ ಸರಿಯಾಗಿಯೇ ತೋರುತ್ತದೆ. ಗೇರ್‌ಪೆಟ್ಟಿಗೆಯಿಂದ ಸಂಕೇತ ಪಡೆಯುವ ಮೀಟರುಗಳು ಮಾತ್ರ ತಪ್ಪು ಹೇಳತೊಡಗುತ್ತವೆ, ಕಿ.ಮೀ. ಎಣಿಕೆಯೂ ತಪ್ಪುತ್ತದೆ.

ಸಾದಾ ಚೈನು, ರಿಂಗ್ ಚೈನು

ಸಾದಾ ಚೈನಿನಲ್ಲಿ ಎಣ್ಣೆ ಹೊರಗಿನಿಂದ ಒಳಗೆ ಇಳಿಯಬೇಕು. 1970ರ ದಶಕದಲ್ಲಿ ಬಂದ ಓ-ರಿಂಗ್ ಚೈನಿನಲ್ಲಿ ಕಾರ್ಖಾನೆಯಲ್ಲೇ ಪಿನ್ನು-ಬುಷ್‌ಗಳ ನಡುವೆ ಗ್ರೀಸ್ ತುಂಬಿ, ಪಟ್ಟಿಗಳ ನಡುವೆ ರಬ್ಬರ್ ಉಂಗುರವಿಟ್ಟು ಮುಚ್ಚಿರುತ್ತಾರೆ. ಎಕ್ಸ್-ರಿಂಗ್ ಅದರ ಸುಧಾರಿತ ರೂಪ. ಉಜ್ಜಾಟ ಇನ್ನೂ ಕಡಿಮೆ. ರಿಂಗ್ ಚೈನು ದುಬಾರಿ, ಅಗಲವೂ ಹೆಚ್ಚು, ಆದರೆ ಬಾಳಿಕೆ ಸಾದಾ ಚೈನಿಗಿಂತ ಬಹಳ ದೀರ್ಘ. ತೆರೆದ ಚೈನಿನ 150 ಸಿಸಿ ಮತ್ತು ಮೇಲಿನ ಗಾಡಿಯನ್ನು ಈ ಸೀಮೆಯಲ್ಲಿ ಓಡಿಸುವವರು ಕಂಪನಿ ರಿಂಗ್ ಚೈನು ಕೊಟ್ಟಿದ್ದರೆ ಮತ್ತೆ ಅದನ್ನೇ ಹಾಕಬೇಕು. ಸಾದಾ ಚೈನಿಗೆ ಇಳಿಯುವುದು ನಷ್ಟ. ಪೂರ್ತಿ ಕವರಿರುವ 100 ಸಿಸಿ ಗಾಡಿಗೆ ಒಳ್ಳೆಯ ಸಾದಾ ಚೈನು ಸಾಕು. ಉಳಿದ ಹಣದಲ್ಲಿ ಕವರಿನ ಮುರಿದ ಕ್ಲಿಪ್ಪು, ಕಳೆದುಹೋದ ರಬ್ಬರ್ ಮುಚ್ಚಳ, ಸೀಳಿದ ಅಂಚು ಸರಿ ಮಾಡಿಸಿದರೆ ಹೆಚ್ಚು ಪ್ರಯೋಜನ.

ಹಲ್ಲುಚಕ್ರಕ್ಕೆ ಗಟ್ಟಿ ಮಾಡಿದ ಉಕ್ಕೇ ಬೇಕು. ಅಲ್ಯೂಮಿನಿಯಂ ಚಕ್ರಗಳು ರೇಸಿನವರಿಗೆ ತೂಕ ಉಳಿಸುತ್ತವೆ, ಹೊಲದ ದಾರಿಯಲ್ಲಿ ಬೇಗ ಕರಗುತ್ತವೆ. ಗಾಡಿಯ ಕಂಪನಿಯ ಹೆಸರಿನ ಕಿಟ್‌ಗಳಲ್ಲದೆ ಕೊಯಮತ್ತೂರಿನ ಎಲ್.ಜಿ. ಬಾಲಕೃಷ್ಣನ್ ಸಂಸ್ಥೆಯ ರೋಲಾನ್, ಮುರುಗಪ್ಪ ಸಮೂಹದ ಡೈಮಂಡ್ ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೆಸರುಗಳು. ಮೋಟಾರ್‌ಸೈಕಲ್ ಚೈನಿಗೆ ಐಎಸ್ಒ 10190 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ನಕಲಿ ಮಾಲಿನ ಗುರುತು ಹಿಡಿಯುವುದು ಕಷ್ಟವೇ. ಆದರೂ ಪಟ್ಟಿಯ ಮೇಲೆ ತಯಾರಕರ ಹೆಸರು ಮತ್ತು ನಂಬರು ಸ್ಪಷ್ಟವಾಗಿ ಕೊರೆದಿಲ್ಲದಿದ್ದರೆ, ಚೈನನ್ನು ಅಡ್ಡಲಾಗಿ ಹಿಡಿದಾಗ ಹೊಸದೇ ಬದಿಗೆ ಬಹಳ ಬಾಗಿದರೆ, ಪೊಟ್ಟಣದ ಮೇಲೆ ಎಂ.ಆರ್.ಪಿ. ಚೀಟಿ ಇಲ್ಲದಿದ್ದರೆ, ಬಿಲ್ಲು ಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡುವುದು ಒಳ್ಳೆಯದು.

ಕೂರಿಸುವುದು ಮತ್ತು ನೋಡಿಕೊಳ್ಳುವುದು

ಸೆಟ್ಟು ಬಿಚ್ಚಿದಾಗಲೇ ಹಿಂದಿನ ಹಬ್ಬಿನೊಳಗಿನ ಡ್ರಮ್ ರಬ್ಬರುಗಳನ್ನು ನೋಡಿಸಬೇಕು. ಅವು ಸತ್ತಿದ್ದರೆ ಕ್ಲಚ್ ಬಿಟ್ಟಾಗಲೆಲ್ಲ ಚೈನಿಗೆ ಪೆಟ್ಟು ಬೀಳುತ್ತದೆ. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಸೀಳಿದ ತುದಿ ಹಿಂದಕ್ಕೆ ಇರಬೇಕು. ತಿರುಗುಮುರುಗಾದರೆ ಕಲ್ಲು ತಾಗಿ ಹಾರಿಹೋಗಬಹುದು. ಹಳೆಯ ಲಾಕನ್ನು ಹೊಸ ಚೈನಿಗೆ ಹಾಕಬಾರದು. ಸ್ವಿಂಗ್ ಆರ್ಮಿನ ಎರಡೂ ಬದಿಯ ಗೆರೆಗಳು ಸಮನಾಗಿರಬೇಕು, ಇಲ್ಲದಿದ್ದರೆ ಹಲ್ಲು ಒಂದೇ ಪಕ್ಕಕ್ಕೆ ಸವೆಯುತ್ತದೆ. ಚೈನಿನ ನಡುಭಾಗದ ಸಡಿಲ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಬಿಗಿ ಮಾಡಿದಷ್ಟೂ ಒಳ್ಳೆಯದೆಂಬ ನಂಬಿಕೆ ಕೆಟ್ಟದ್ದು: ಭಾರ ಹೇರಿದಾಗ ಸಸ್ಪೆನ್ಷನ್ ಇಳಿದು ಚೈನು ಇನ್ನೂ ಬಿಗಿಯುತ್ತದೆ, ಗೇರ್‌ಪೆಟ್ಟಿಗೆಯ ಬೇರಿಂಗು ಹೋಗುತ್ತದೆ.

ತೊಳೆಯಲು ಸೀಮೆಎಣ್ಣೆ ಅಥವಾ ಡಬ್ಬಿಯಲ್ಲಿ ಸಿಗುವ ಚೈನ್ ಕ್ಲೀನರ್ ಸಾಕು. ಪೆಟ್ರೋಲ್, ಥಿನ್ನರ್, ತಂತಿಯ ಬ್ರಷ್ ಮೂರೂ ರಿಂಗಿನ ರಬ್ಬರನ್ನು ಕೆಡಿಸುತ್ತವೆ. ಹಾಕಲು 90 ನಂಬರಿನ ಗೇರ್ ಆಯಿಲ್ ಒಳ್ಳೆಯದು, ಅಗ್ಗವೂ ಹೌದು; ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಎಣ್ಣೆಯನ್ನು ಗಾಡಿ ಓಡಿ ಬಂದು ಚೈನು ಬೆಚ್ಚಗಿರುವಾಗ, ಎಂಜಿನ್ ನಿಲ್ಲಿಸಿ, ಕೈಯಿಂದ ಗಾಲಿ ತಿರುಗಿಸುತ್ತ ಒಳಮೈಗೆ ಬಿಡಬೇಕು. ಎಂಜಿನ್ ಚಾಲೂ ಇಟ್ಟು ಎಣ್ಣೆ ಹಚ್ಚಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.

ಎರೆ ಹೊಲಗಳ ನಡುವೆ ಓಡುವ ಗಾಡಿಯವರು ಮುಂಗಾರಿನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಕವರ್ ಪೂರ್ತಿ ಬಿಚ್ಚಿಸಿ ಒಳಗಿನ ಮಣ್ಣು ಕೆರೆಸಬೇಕು. ಹೊಸ ಸೆಟ್ಟು ಕೊಳ್ಳಲು ಕಲಬುರಗಿಗೆ ಹೋಗುವ ಮುಂಚೆ ಗಾಡಿಯ ಮಾಡೆಲ್, ತಯಾರಾದ ವರ್ಷ, ಚೈನಿನ ನಂಬರು, ಕೊಂಡಿಗಳ ಎಣಿಕೆ, ಎರಡೂ ಚಕ್ರದ ಹಲ್ಲು ಬರೆದುಕೊಳ್ಳಿ; ಆಗುವುದಾದರೆ ಹಳೆಯ ಚೈನನ್ನೇ ಜೊತೆಗೆ ಒಯ್ಯಿರಿ. ಹಾಕಿಸಿದ ಮೊದಲ 500 ಕಿ.ಮೀ. ಒಳಗೆ ಸಡಿಲವನ್ನು ಮತ್ತೊಮ್ಮೆ ನೋಡಿಸಿ. ಹೊಸ ಚೈನು ಕೂತುಕೊಳ್ಳುವಾಗ ಒಂದಿಷ್ಟು ಬಿಡುವುದು ಸಹಜ.